ರೋಮ್ ನೋಡೋಕೆ ಗೈಡ್ ಬೇಕಾ, ಬಸ್ ಸಾಕಾ, ಇಲ್ಲಾ ನಮ್ಮ ಕಾಲೇ ಸಾಕಾ?

ಈ ವರ್ಷ ನಮ್ಮ ಗೊತ್ತಿರೋ ಮೂರು ಮನೆಯವರು ರೋಮ್‌ಗೆ ಹೊರಟಿದ್ದಾರೆ. ಒಬ್ಬರು ಅಪ್ಪ ಅಮ್ಮನ್ನ ಕರ್ಕೊಂಡು, ಒಬ್ಬರು ಹೊಸದಾಗಿ ಮದ್ವೆ ಆದವರು, ಇನ್ನೊಬ್ಬರದ್ದು ಎರಡು ಮಕ್ಕಳ ಸಂಸಾರ. ಮೂರೂ ಜನ ಬೇರೆ ಬೇರೆ ದಿನ ಫೋನ್ ಮಾಡಿ ಕೇಳಿದ್ದು ಒಂದೇ, "ಗೈಡೆಡ್ ಟೂರ್ ತಗೊಳ್ಬೇಕಾ, ಇಲ್ಲಾ ಸುಮ್ನೆ ನಾವೇ ಸುತ್ತಾಡ್ಬಹುದಾ?" ನಾನು ಎರಡು ಸಲ ಹೋಗಿ ಬಂದಿದ್ದೀನಿ, ಒಂದ್ಸಲ ಪ್ಯಾಕೇಜ್ ಟೂರ್‌ನಲ್ಲಿ ಓಡ್ತಾ ಓಡ್ತಾ, ಇನ್ನೊಂದ್ಸಲ ಅಪ್ಪ ಅಮ್ಮ ಮತ್ತೆ ಮಗಳ ಜೊತೆ ನಾವೇ ಪ್ಲಾನ್ ಮಾಡ್ಕೊಂಡು ನಾಲ್ಕು ದಿನ, ಅದಕ್ಕೇ ನನ್ನ ಕೇಳ್ತಾರೆ. ಮೂರು ಸಲ ಫೋನ್‌ನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಹಂಪಿ ವಿಷ್ಯ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾವು ಮೊದಲ ಸಲ ಹಂಪಿಗೆ ಹೋದಾಗ ಗೈಡ್ ಬೇಡ ಅಂದ್ವಿ. ವಿರೂಪಾಕ್ಷನ ಗುಡಿಯಲ್ಲಿ ಏನೂ ತೊಂದ್ರೆ ಆಗ್ಲಿಲ್ಲ, ಕೈ ಮುಗಿದ್ವಿ, ಗೋಪುರ ನೋಡಿದ್ವಿ, ಆನೆ ನೋಡಿದ್ವಿ. ಆದ್ರೆ ಮಹಾನವಮಿ ದಿಬ್ಬದ ಹತ್ರ ಬಂದಾಗ ನಮ್ಮಪ್ಪ "ಏನಿದು, ದೊಡ್ಡ ಕಟ್ಟೆ" ಅಂತ ಐದು ನಿಮಿಷ ನಿಂತು ಕಾರ್ ಕಡೆ ಹೊರಟೇಬಿಟ್ರು. ಮುಂದಿನ ಸಲ ಗೈಡ್ ಇದ್ರು, ಅದೇ ದಿಬ್ಬದ ಮೇಲೆ ಒಂದು ಗಂಟೆ ಕಳೆದ್ವಿ. ರೋಮ್ ಕೂಡ ಹೀಗೇ. ಇಡೀ ಊರಿಗೆ ಗೈಡ್ ಬೇಕಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ, ಈ ಜಾಗಕ್ಕೆ ಬೇಕಾ ಅಂತ ಒಂದೊಂದಕ್ಕೂ ಕೇಳ್ಬೇಕು. ಕೆಲವು ಜಾಗ ಬಾಯಿ ಬಿಟ್ಟು ಮಾತಾಡುತ್ತೆ, ಕೆಲವಕ್ಕೆ ಬೇರೆಯವರ ಬಾಯಿ ಬೇಕು.

ಏನು ನೋಡಿ ಆರಿಸ್ಬೇಕು

ಜಾಗ ತಾನಾಗೇ ಅರ್ಥ ಆಗುತ್ತಾ ಅನ್ನೋದು ಮೊದಲನೇದು. ಆಮೇಲೆ ಮಂಡಿ. ರೋಮ್‌ನ ಹಳೇ ಬೀದಿಗಳಿಗೆ ಸಂಪ್ಯೆತ್ರೀನಿ ಅಂತ ಸಣ್ಣ ಸಣ್ಣ ಕಪ್ಪು ಕಲ್ಲು ಹಾಸಿರ್ತಾರೆ, ಫೋಟೋದಲ್ಲಿ ಬಲು ಚೆಂದ, ಅದರ ಮೇಲೆ ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ಹಾಕಿದ್ರೆ ಗೊತ್ತಾಗುತ್ತೆ. ಮೂರನೇದು ಟಿಕೆಟ್: ಕೆಲವು ಕಡೆ ಗೈಡ್ ಜೊತೆ ಹೋದ್ರೆ ಮಾತ್ರ ಟಿಕೆಟ್ ಸಿಗೋ ಪರಿಸ್ಥಿತಿ ಇರುತ್ತೆ. ಕೊನೇದು ಎಷ್ಟು ಜನ ಹೋಗ್ತಿದ್ದೀರ ಅನ್ನೋದು, ಇದನ್ನ ಯಾರೂ ಲೆಕ್ಕ ಹಾಕಲ್ಲ, ಆದ್ರೆ ದುಡ್ಡಿನ ಆಟ ಪೂರ್ತಿ ಇಲ್ಲೇ ಇರೋದು. ಕೆಳಗೆ ನಾನು ಹೇಳೋ ಟೂರ್ ರೇಟೆಲ್ಲ ಅಂದಾಜು, ಸೀಸನ್ ಮೇಲೆ ಏರುತ್ತೆ ಇಳಿಯುತ್ತೆ. ಯೂರೋಗೆ ನೂರು ರೂಪಾಯಿ ಅಂತಿಟ್ಕೊಂಡ್ರೆ ಲೆಕ್ಕ ಸುಲಭ.

ಬೆಂಗಳೂರಿಂದಲೇ ಹೊರಡೋ ಪ್ಯಾಕೇಜ್

ಹತ್ತು ದಿನದಲ್ಲಿ ಆರೇಳು ದೇಶ, ಊಟಕ್ಕೆ ಅನ್ನ ಸಾರು ಚಪಾತಿ, ಜೊತೆಗೆ ಟೂರ್ ಮ್ಯಾನೇಜರ್. ಇದನ್ನ ಬೈಯೋದು ಸುಲಭ, ನಾನು ಬೈಯಲ್ಲ. ವೀಸಾ ಪೇಪರ್, ಹೋಟೆಲ್, ಲಗೇಜ್, ಭಾಷೆ ಯಾವ ತಲೆನೋವೂ ಬೇಡ ಅನ್ನೋರಿಗೆ ಇದಕ್ಕಿಂತ ಆರಾಮ ಇನ್ನೊಂದಿಲ್ಲ. ಆದ್ರೆ ರೋಮ್ ನೋಡೋಕೆ ಅಂತಲೇ ಹೋಗೋದಾದ್ರೆ ಬೇಡ. ದೊಡ್ಡ ಕೋಚ್ ಬಸ್‌ಗಳನ್ನ ಹಳೇ ರೋಮ್ ಒಳಗೆ ಸುಮ್ನೆ ಬಿಡಲ್ಲ, ದೂರ ನಿಲ್ಲಿಸಿ ನಡೆಸ್ತಾರೆ. ನಾವು ಹೋದಾಗ ಕೊಲೋಸಿಯಂ ಹೊರಗೆ ಫೋಟೋಗೆ ಇಪ್ಪತ್ತು ನಿಮಿಷ, ಟ್ರೆವಿ ಕಾರಂಜಿ ಹತ್ರ ಅರ್ಧ ಗಂಟೆ, ವ್ಯಾಟಿಕನ್ನಲ್ಲಿ ಚರ್ಚ್ ಮಾತ್ರ, ಮ್ಯೂಸಿಯಂ ಇಲ್ಲ, ಸಂಜೆ ಆರಕ್ಕೆ ಊರಾಚೆಯ ಹೋಟೆಲ್‌ಗೆ ವಾಪಸ್. ಬುಕ್ ಮಾಡೋ ಮುಂಚೆ ಕಾಗದದಲ್ಲಿ "ಕೊಲೋಸಿಯಂ ನೋಡೋದು" ಅಂತಿದ್ಯಾ "ಒಳಗೆ ಪ್ರವೇಶ" ಅಂತಿದ್ಯಾ ಅಂತ ಕಣ್ಣಿಟ್ಟು ಓದಿ. ನಾವು ಓದಿರ್ಲಿಲ್ಲ.

ಮೇಲೆ ತೆರೆದ ಡಬಲ್ ಡೆಕ್ಕರ್ ಬಸ್

ಎಲ್ಲರ ತಲೆಗೂ ಮೊದಲು ಬರೋದು ಇದೇ. ಹತ್ತಿ ಇಳಿ, ಹತ್ತಿ ಇಳಿ, ಕಿವಿಗೆ ಇಯರ್‌ಫೋನ್, ದಿನಕ್ಕೆ 25–35 ಯೂರೋ. ಲಂಡನ್‌ನಲ್ಲಿ ಇದು ಸೈ, ರೋಮ್‌ನಲ್ಲಿ ಅಷ್ಟಕ್ಕಷ್ಟೇ, ಯಾಕಂದ್ರೆ ನೋಡ್ಬೇಕಾದ ಜಾಗಗಳಿಗೆ ಬಸ್ ಹೋಗೋದೇ ಇಲ್ಲ. ಟ್ರೆವಿ, ಪಾಂತೆಯೋನ್ ಅನ್ನೋ ಹಳೇ ದೇಗುಲ, ಪಿಯಾಜ್ಜಾ ನವೋನಾ ಅನ್ನೋ ಚೌಕ ಮೂರೂ ಸಂದಿಗೊಂದಿ ಒಳಗಿವೆ, ಬಸ್ ನಿಮ್ಮನ್ನ ಹತ್ತು ನಿಮಿಷ ದೂರ ಇಳಿಸುತ್ತೆ, ಅಲ್ಲಿಂದ ಹೇಗೂ ನಡೀಲೇಬೇಕು. ಟ್ರೆವಿಯಿಂದ ಪಾಂತೆಯೋನ್‌ಗೆ ನಡೆದ್ರೆ ಹತ್ತು ನಿಮಿಷ, ಅಲ್ಲಿಂದ ನವೋನಾಗೆ ಇನ್ನೈದು, ಇಷ್ಟಕ್ಕೆ ಬಸ್ ಯಾಕೆ? ಮಧ್ಯಾಹ್ನ ಜುಲೈ ಬಿಸಿಲಲ್ಲಿ ಮೇಲಿನ ಡೆಕ್ ಮೇಲೆ ಕೂತ್ರೆ ಹಪ್ಪಳ ಒಣಗಿಸಿದ ಹಾಗೆ ಒಣಗ್ತೀರ. ಒಂದೇ ಒಂದು ಸಂದರ್ಭದಲ್ಲಿ ನಾನು ಹೌದು ಅಂತೀನಿ: ಮೊದಲ ದಿನ ವಿಮಾನದ ಸುಸ್ತು ಇರುತ್ತೆ, ಮಲಗಿದ್ರೆ ಜೆಟ್‌ಲ್ಯಾಗ್ ಹೋಗಲ್ಲ, ಆವಾಗ ಸಂಜೆ ಒಂದು ಸುತ್ತು ಇಳೀದೇ ಕೂತು ಬನ್ನಿ, ಊರಿನ ಅಂದಾಜು ಸಿಗುತ್ತೆ. ಸಿಟಿ ಬಸ್ಸು ಮೆಟ್ರೋಗೆ 1.50 ಯೂರೋ ಟಿಕೆಟ್, 100 ನಿಮಿಷ ನಡೆಯುತ್ತೆ. ಕೊಲೋಸಿಯಂ ಎದುರಿಗೇ ಮೆಟ್ರೋ ಸ್ಟೇಷನ್ ಇದೆ, ಹೊರಗೆ ಕಾಲಿಟ್ಟ ತಕ್ಷಣ ಅದು ಕಣ್ಮುಂದೆ ಬರೋದು ಒಂದು ಮಜಾ. ಟೆರ್ಮಿನಿ ರೈಲ್ವೆ ಸ್ಟೇಷನ್‌ನಿಂದ ವ್ಯಾಟಿಕನ್ ಕಡೆ ಹೋಗೋ 64ನೇ ನಂಬರ್ ಬಸ್ ಜೇಬುಗಳ್ಳರಿಗೆ ಹೆಸರುವಾಸಿ, ಪರ್ಸ್ ಮುಂದಿನ ಜೇಬಲ್ಲಿಡಿ.

"ಫ್ರೀ" ವಾಕಿಂಗ್ ಟೂರ್

ಪುಕ್ಕಟೆ ಅಂತ ಹೆಸರು, ಕೊನೆಗೆ ಟಿಪ್ಸ್ ಕೊಡ್ಬೇಕು, ಒಬ್ಬರಿಗೆ 10–15 ಯೂರೋ ಕೊಡೋದು ಮರ್ಯಾದೆ. ಎರಡು ಯೂರೋ ಕೈಗಿಟ್ಟು ಜಾಗ ಖಾಲಿ ಮಾಡ್ಬೇಡಿ, ಎಷ್ಟೋ ಕಡೆ ಆ ಗೈಡೇ ತಲೆಗಿಷ್ಟು ಅಂತ ಕಂಪನಿಗೆ ಕಟ್ಟಿರ್ತಾನೆ. ಎರಡು ಎರಡೂವರೆ ಗಂಟೆ, ಸ್ಪ್ಯಾನಿಷ್ ಸ್ಟೆಪ್ಸ್, ಟ್ರೆವಿ, ಪಾಂತೆಯೋನ್, ನವೋನಾ ಹೀಗೆ ಹೊರಗಿಂದ ಹೊರಗೇ ತೋರಿಸ್ತಾರೆ, ಒಳಗೆ ಎಲ್ಲೂ ಕರ್ಕೊಂಡು ಹೋಗಲ್ಲ. ಮೊದಲ ದಿನವೇ ಮಾಡಿ, ಕೊನೆ ದಿನ ಮಾಡಿದ್ರೆ ಉಪಯೋಗ ಇಲ್ಲ, ಯಾಕಂದ್ರೆ ಇದರ ನಿಜವಾದ ಲಾಭ ಕಥೆಗಿಂತ ಹೆಚ್ಚಾಗಿ "ಕಾಫಿ ಎಲ್ಲಿ ಕುಡೀಬೇಕು, ಯಾವ ಸ್ಕ್ಯಾಮ್‌ಗೆ ಬೀಳ್ಬಾರ್ದು" ಅನ್ನೋ ಮಾತು. ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂತ್ಕೊಳ್ಳೋ ಹಾಗಿಲ್ಲ, 2019ರಿಂದ ದಂಡ ಹಾಕ್ತಾರೆ ಅಂತ ನಮಗೆ ಗೊತ್ತಾಗಿದ್ದು ಇಂಥದ್ದೇ ಒಂದು ಟೂರ್‌ನಲ್ಲಿ, ಅದೂ ಅಮ್ಮ ಆಗ್ಲೇ ಕೂತಾದ ಮೇಲೆ.

ಗಂಡ ಹೆಂಡ್ತಿ ಇಬ್ರೇ, ನಡೆಯೋಕೆ ರೆಡಿ, ಬಜೆಟ್ ಬಿಗಿ ಅಂದ್ರೆ ಊರ ನಡುವಿನ ಭಾಗಕ್ಕೆ ಇದು ಸಾಕೇ ಸಾಕು. ವಯಸ್ಸಾದವರಿಗೆ, ಸಣ್ಣ ಮಕ್ಕಳಿಗೆ ಬೇಡ. ಇಪ್ಪತ್ತೈದು ಮೂವತ್ತು ಜನರ ಹಿಂದೆ ಬಿದ್ದು ನಡೀಬೇಕು, ಮಧ್ಯೆ ಟಾಯ್ಲೆಟ್ ಅಂದ್ರೆ ಗುಂಪು ಮುಂದೆ ಹೋಗಿರುತ್ತೆ.

ಕೊಲೋಸಿಯಂ ಮತ್ತೆ ಫೋರಂ: ಇಲ್ಲಿ ದುಡ್ಡು ಹಾಕಿ

ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ. ಕೊಲೋಸಿಯಂ ಟಿಕೆಟ್ 18 ಯೂರೋ, ಅದ್ರಲ್ಲೇ ರೋಮನ್ ಫೋರಂ (ಹಳೇ ರೋಮ್‌ನ ನಡುಚೌಕ), ಪಾಲಟೈನ್ ಗುಡ್ಡ (ಚಕ್ರವರ್ತಿಗಳ ಅರಮನೆ ಇದ್ದ ಜಾಗ) ಎಲ್ಲ ಸೇರಿರುತ್ತೆ, 24 ಗಂಟೆ ನಡೆಯುತ್ತೆ. ನೆಲಮಾಳಿಗೆ ಅಥವಾ ಅಖಾಡದ ಮಟ್ಟಕ್ಕೆ ಹೋಗೋ ಟಿಕೆಟ್ 24 ಯೂರೋ. 18 ವರ್ಷದೊಳಗಿನವರಿಗೆ ಫ್ರೀ, ಆದ್ರೂ ಅವರ ಹೆಸರಲ್ಲೂ ಬುಕ್ ಮಾಡ್ಬೇಕು. ಟಿಕೆಟ್ ಮೇಲೆ ಹೆಸರಿರುತ್ತೆ, ಪಾಸ್‌ಪೋರ್ಟ್‌ನಲ್ಲಿರೋ ಹಾಗೇ ಹಾಕಿ, ನಮ್ಮ ಇನಿಶಿಯಲ್ ಕಥೆ ಗೊತ್ತಲ್ಲ. ಅಧಿಕೃತ ಸೈಟ್‌ನಲ್ಲಿ 30 ದಿನ ಮುಂಚೆ ಓಪನ್ ಆಗುತ್ತೆ, ನೆಲಮಾಳಿಗೆ ಟಿಕೆಟ್ ಕಣ್ಮುಚ್ಚಿ ಬಿಡೋದ್ರೊಳಗೆ ಖಾಲಿ. ಟೂರ್ ಕಂಪನಿಗಳು ಬಾಟ್ (ತಾನಾಗೇ ಬುಕ್ ಮಾಡೋ ಸಾಫ್ಟ್‌ವೇರ್) ಬಿಟ್ಟು ಬಾಚ್ಕೊಳ್ತಾರೆ ಅನ್ನೋದು ಬರೀ ಗಾಳಿಮಾತಲ್ಲ, 2025ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ವಿಷಯಕ್ಕೆ ಹಿಂದೆ ಟಿಕೆಟ್ ಮಾರ್ತಿದ್ದ ಸಂಸ್ಥೆಗೂ ಕೆಲವು ಟೂರ್ ಕಂಪನಿಗಳಿಗೂ ಸೇರಿ ಸುಮಾರು 2 ಕೋಟಿ ಯೂರೋ ದಂಡ ಹಾಕ್ತು. ಹಾಗಾಗಿ ಸೀಸನ್‌ನಲ್ಲಿ ಎಷ್ಟೋ ಜನ ಗೈಡ್ ಬೇಕು ಅಂತ ಟೂರ್ ತಗೊಳ್ಳಲ್ಲ, ಟಿಕೆಟ್ ಸಿಗ್ಲಿಲ್ಲ ಅಂತ ತಗೊಳ್ತಾರೆ.

ಟಿಕೆಟ್ ಸಿಕ್ಕಿದ್ರೂ ಇಲ್ಲಿ ಗೈಡ್ ತಗೊಳ್ಳಿ ಅಂತೀನಿ ನಾನು. ಕೊಲೋಸಿಯಂ ಗೋಡೆ ತುಂಬ ತೂತುಗಳಿವೆ, ಗುಂಡು ಹೊಡೆದ ಹಾಗೆ. ಕಲ್ಲು ಕಲ್ಲು ಹಿಡಿದಿಡೋಕೆ ಹಾಕಿದ್ದ ಕಬ್ಬಿಣದ ಕೊಂಡಿಗಳನ್ನ ಮಧ್ಯಯುಗದಲ್ಲಿ ಜನ ಕಿತ್ಕೊಂಡು ಹೋದ ಗುರುತು ಅದು. ಕಮಾನುಗಳ ಮೇಲೆ ರೋಮನ್ ಅಂಕಿ ಕೆತ್ತಿದ್ದಾರೆ, ಕ್ರಿಕೆಟ್ ಮ್ಯಾಚ್ ಟಿಕೆಟ್ ಮೇಲೆ ಗೇಟ್ ನಂಬರ್ ಇರುತ್ತಲ್ಲ, ಥೇಟ್ ಅದೇ, ಕ್ರಿ.ಶ. 80ರಲ್ಲಿ! ಕೊಲೋಸಿಯಂನಾದ್ರೂ ನೋಡಿದ್ರೆ ಸ್ಟೇಡಿಯಂ ಅಂತ ಗೊತ್ತಾಗುತ್ತೆ, ಪಕ್ಕದ ಫೋರಂ ಅಂತೂ ಪೂರ್ತಿ ಮಹಾನವಮಿ ದಿಬ್ಬ. ಮುರಿದ ಕಂಬ, ಇಟ್ಟಿಗೆ ಗೋಡೆ, ಹುಲ್ಲು. ತಗಡಿನ ಮಾಡು ಹಾಕಿರೋ ಒಂದು ಮಣ್ಣುಗುಡ್ಡೆ ಇದೆ, ನಾವಾಗೇ ಹೋಗಿದ್ರೆ ಏನೋ ರಿಪೇರಿ ನಡೀತಿದೆ ಅಂದ್ಕೊಂಡು ಮುಂದೆ ಹೋಗ್ತಿದ್ವಿ. ಜೂಲಿಯಸ್ ಸೀಸರ್‌ನ ಸುಟ್ಟ ಜಾಗ ಅದು, ಇವತ್ತಿಗೂ ಜನ ಅಲ್ಲಿ ಹೂವಿಟ್ಟು ಹೋಗ್ತಾರೆ. ಅಮ್ಮ ಸುಮ್ನೆ ನಿಂತುಬಿಟ್ರು, "ಎರಡು ಸಾವಿರ ವರ್ಷ ಆದ್ಮೇಲೂ ಹೂವು ತರ್ತಾರಲ್ಲ" ಅಂತ.

ಇನ್ನೊಂದು, ಫೋರಂನಲ್ಲಿ ಮ್ಯಾಕ್ಸೆಂಟಿಯಸ್ ಬೆಸಿಲಿಕಾ ಅನ್ನೋ ಹಳೇ ಸಭಾಭವನದ ದೊಡ್ಡ ಕಮಾನು ಕಾಣುತ್ತಲ್ಲ, ಅದನ್ನ ಕಟ್ಟೋ ಮುಂಚೆ ಅದೇ ಜಾಗದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಾಲದ ಮೆಣಸಿನ ಗೋದಾಮು ಇತ್ತು. ಕಾಳುಮೆಣಸು! ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಲ್ಲಿ ಹೋಗ್ತಿದ್ದ ಮೆಣಸು. ಅದಕ್ಕೆ ಬದಲಾಗಿ ಬಂದ ರೋಮನ್ ದುಡ್ಡು ನಮ್ಮ ದೇಶದಲ್ಲಿ ಎಲ್ಲೆಲ್ಲೋ ಹರಡಿದೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ನಮ್ಮ ಯಶವಂತಪುರದಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಗೈಡ್ ಮೆಣಸಿನ ಮಾತು ತೆಗೆದ ತಕ್ಷಣ ಅಪ್ಪ ಯಶವಂತಪುರದ ಕಥೆ ಶುರು ಮಾಡಿದ್ರು, ಆಮೇಲೆ ಗೈಡೇ ಪ್ರಶ್ನೆ ಕೇಳ್ತಾ ಹೋದ್ರು, ಇವರೇ ಉತ್ತರ. ಇಯರ್‌ಫೋನ್‌ಗೆ ಇದು ಆಗದ ಕೆಲಸ.

ಈಗ ಲೆಕ್ಕ. ಗುಂಪಿನ ಟೂರ್, ಟಿಕೆಟ್ ಸೇರಿ ಮೂರು ಗಂಟೆಗೆ ಒಬ್ಬರಿಗೆ 50–80 ಯೂರೋ. ನೀವು ನಾಲ್ಕು ಜನ, ತಲೆಗೆ 60 ಅಂತಿಟ್ಕೊಂಡ್ರೂ 240. ನಿಮ್ಮ ಮನೆಯವರಿಗಷ್ಟೇ ಅಂತ ಪ್ರೈವೇಟ್ ಗೈಡ್ ಮೂರು ಗಂಟೆಗೆ ಸುಮಾರು 200 ಯೂರೋ, ಟಿಕೆಟ್ ನೀವೇ ತಗೊಂಡ್ರೆ ದೊಡ್ಡವರಿಬ್ಬರಿಗೆ 36, ಮಕ್ಕಳಿಗೆ ಸೊನ್ನೆ, ಒಟ್ಟು 236. ಹೆಚ್ಚು ಕಮ್ಮಿ ಒಂದೇ! ಆದ್ರೆ ಒಂದರಲ್ಲಿ ಇಪ್ಪತ್ತು ಅಪರಿಚಿತರ ಹಿಂದೆ ಗೈಡ್ ಎತ್ತಿ ಹಿಡಿದ ಕೊಡೆ ನೋಡ್ಕೊಂಡು ಓಡ್ತೀರ, ಇನ್ನೊಂದರಲ್ಲಿ ಮಗು ಅತ್ರೆ ಗೈಡ್ ಕೂತ್ಕೊಳ್ತಾರೆ. ಇಬ್ರೇ ಇದ್ರೆ ಮಾತ್ರ ಗುಂಪು ಅಗ್ಗ, 120ಕ್ಕೆ ಮುಗಿಯುತ್ತೆ. ಮೂರು ಜನ ಇದ್ರೆ ಯೋಚ್ನೆ ಮಾಡಿ, ನಾಲ್ಕಾದ್ರೆ ಪ್ರೈವೇಟ್. ಮನೆಯವರೆಲ್ಲ ಹದಿನೆಂಟು ದಾಟಿದವರಾದ್ರೆ ಟಿಕೆಟ್ ಖರ್ಚು ಇನ್ನೂ 36 ಸೇರುತ್ತೆ, ಆದ್ರೂ ನನ್ನ ವೋಟ್ ಪ್ರೈವೇಟ್‌ಗೇ. ಬುಕ್ ಮಾಡೋ ಮುಂಚೆ ಲೈಸೆನ್ಸ್ ಇರೋ ಗೈಡಾ ಅಂತ ಕೇಳಿ, ಕುತ್ತಿಗೆಗೆ ಬ್ಯಾಡ್ಜ್ ಹಾಕಿರ್ತಾರೆ.

ದಾರಿಯಲ್ಲಿ ನಿಂತು "ಸ್ಕಿಪ್ ದ ಲೈನ್, ಸ್ಕಿಪ್ ದ ಲೈನ್" ಅಂತ ಕೂಗೋರ ಹತ್ರ ಮಾತ್ರ ತಗೋಬೇಡಿ. ತಪ್ಪೋದು ಟಿಕೆಟ್ ಕ್ಯೂ ಮಾತ್ರ, ಸೆಕ್ಯುರಿಟಿ ಕ್ಯೂ ಯಾರಿಗೂ ತಪ್ಪಲ್ಲ. ನಾನು ವ್ಯಾಟಿಕನ್ ಗೋಡೆ ಹತ್ರ ಒಬ್ಬನ ಕೈಲಿ ಡಬಲ್ ರೇಟ್ ಕೊಟ್ಟು ತಗೊಂಡು, ಗುಂಪು ತುಂಬಲಿ ಅಂತ ಅವನು ಬಿಸಿಲಲ್ಲಿ ನಿಲ್ಲಿಸಿದ್ದು ಒಂದೂಕಾಲು ಗಂಟೆ.

ವ್ಯಾಟಿಕನ್ ಮ್ಯೂಸಿಯಂ

ಇದು ಅರ್ಧಂಬರ್ಧ ಕೇಸು. ಟಿಕೆಟ್ 20 ಯೂರೋ, ಆನ್‌ಲೈನ್ ಬುಕಿಂಗ್‌ಗೆ ಇನ್ನೈದು. ಒಳಗೆ ಕಿಲೋಮೀಟರ್‌ಗಟ್ಟಲೆ ಗ್ಯಾಲರಿ, ತಿರುಪತಿ ಕ್ಯೂ ಥರ ಜನ ತಳ್ಕೊಂಡು ಹೋಗ್ತಾನೇ ಇರ್ತಾರೆ, ಯಾವ ಮೂರ್ತಿ ಮುಂದೆ ನಿಲ್ಬೇಕು ಅಂತ ಗೊತ್ತಿಲ್ದಿದ್ರೆ ಎಲ್ಲ ಒಂದೇ ಥರ ಕಾಣೋಕೆ ಶುರು. ಸಿಸ್ಟೀನ್ ಚಾಪೆಲ್ ಒಳಗೆ ಮಾತಾಡೋ ಹಾಗಿಲ್ಲ, ಫೋಟೋನೂ ಇಲ್ಲ, "ಸಿಲೆನ್ಸಿಯೋ" ಅಂತ ಗಾರ್ಡ್‌ಗಳೇ ಜೋರಾಗಿ ಕೂಗ್ತಿರ್ತಾರೆ. ಹಾಗಾಗಿ ಗೈಡ್‌ಗಳು ಹೊರಗಿನ ಅಂಗಳದಲ್ಲೇ ಚಿತ್ರದ ಬೋರ್ಡ್ ಮುಂದೆ ನಿಲ್ಲಿಸಿ ಪಾಠ ಮುಗಿಸ್ತಾರೆ: ಮಾಡಿನ ಚಿತ್ರ 1508ರಿಂದ 1512, ಎದುರು ಗೋಡೆಯ ಕಡೇ ತೀರ್ಪು (ಲಾಸ್ಟ್ ಜಡ್ಜ್‌ಮೆಂಟ್) ಚಿತ್ರ 1536ರಿಂದ 1541, ಇಪ್ಪತ್ತೈದು ವರ್ಷ ಕಳೆದ್ಮೇಲೆ ಅದೇ ಮೈಕೆಲಾಂಜೆಲೋ ವಾಪಸ್ ಬಂದು ಬಿಡಿಸಿದ್ದು. ಈ ಪಾಠ ನೀವೇ ಮೊದಲೇ ಓದ್ಕೊಂಡು ಹೋದ್ರೆ ಗೈಡ್ ಇಲ್ದೇ ನಡೆಯುತ್ತೆ. ಗೈಡ್ ಇದ್ರೆ ಇನ್ನೊಂದು ಲಾಭ ಇದೆ: ಚಾಪೆಲ್‌ನಿಂದ ಸೀದಾ ಸೇಂಟ್ ಪೀಟರ್ಸ್ ಬೆಸಿಲಿಕಾ ಕಡೆ ಹೋಗೋ ಬಾಗಿಲನ್ನ ಸಾಮಾನ್ಯವಾಗಿ ಗೈಡ್ ಗುಂಪುಗಳಿಗೆ ಬಿಡ್ತಾರೆ, ಮತ್ತೆ ಹೊರಗೆ ಸುತ್ತಿ ಇನ್ನೊಂದು ಸೆಕ್ಯುರಿಟಿ ಕ್ಯೂ ನಿಲ್ಲೋದು ತಪ್ಪುತ್ತೆ. ಕೆಲವು ದಿನ ಅದೂ ಮುಚ್ಚಿರುತ್ತೆ, ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಮ್ಯೂಸಿಯಂನ ಸ್ವಂತ ಸೈಟ್‌ನಲ್ಲೇ ಗೈಡೆಡ್ ಟೂರ್ ಇರುತ್ತೆ, ಸಾಮಾನ್ಯವಾಗಿ ಹೊರಗಿನವರಿಗಿಂತ ಕಮ್ಮಿ, ಮೊದಲು ಅಲ್ಲಿ ನೋಡಿ. ಅಪ್ಪನ ಮಂಡಿಗೆ ಅಂತ ಕೇಳಿದ್ದಕ್ಕೆ ವೀಲ್‌ಚೇರ್ ಪುಕ್ಕಟೆ ಕೊಟ್ರು, ಐಡಿ ಅಡ ಇಟ್ಕೊಳ್ತಾರೆ ಅಷ್ಟೇ. ಭಾನುವಾರ ರಜ, ತಿಂಗಳ ಕೊನೇ ಭಾನುವಾರ ಮಾತ್ರ ಫ್ರೀಯಾಗಿ ತೆಗೀತಾರೆ, ಆವತ್ತು ಹೋಗೋದಕ್ಕಿಂತ ಹೋಗದೇ ಇರೋದೇ ವಾಸಿ. ಭುಜ ಮಂಡಿ ಮುಚ್ಚೋ ಬಟ್ಟೆ ಇರ್ಲಿ, ಸೀರೆ ಚೂಡಿದಾರ್‌ನವರಿಗೆ ಚಿಂತೆ ಇಲ್ಲ, ಬರ್ಮುಡಾ ಹಾಕಿದ ಗಂಡಸರೇ ಸಿಕ್ಕಿಬೀಳೋದು.

ವಯಸ್ಸಾದವರಿದ್ರೆ ಗಾಲ್ಫ್ ಕಾರ್ಟ್

ಮೊದಲು ನಂಗೂ ಇದು ಶೋಕಿ ಅನ್ನಿಸಿತ್ತು. ಗಾಡಿಗೆ ಮೂರು ಗಂಟೆಗೆ ಸುಮಾರು 250–350 ಯೂರೋ, ಒಂದು ಗಾಡಿಯಲ್ಲಿ ಐದಾರು ಜನ ಹಿಡೀತಾರೆ. ದೊಡ್ಡ ಬಸ್ ಹೋಗದ ಸಂದಿಗಳಲ್ಲಿ ಇದು ನುಗ್ಗುತ್ತೆ, ಯಾನಿಕುಲಂ ಗುಡ್ಡದ ಮೇಲಿಂದ ಇಡೀ ಊರು ತೋರಿಸುತ್ತೆ, ಅವೆಂಟೈನ್ ಗುಡ್ಡದ ಮೇಲೆ ಒಂದು ಬಾಗಿಲ ಬೀಗದ ಕಂಡಿಯಲ್ಲಿ ಇಣುಕಿದ್ರೆ ಸೇಂಟ್ ಪೀಟರ್ಸ್ ಗುಮ್ಮಟ ಚಿತ್ರ ಅಂಟಿಸಿದ ಹಾಗೆ ಕಾಣುತ್ತೆ, ಅಲ್ಲಿಗೂ ಕರ್ಕೊಂಡು ಹೋಗುತ್ತೆ. ನಡೆದೇ ಇದನ್ನೆಲ್ಲ ನೋಡ್ತೀವಿ ಅಂದ್ರೆ ಅಪ್ಪ ಅಮ್ಮನಿಗೆ ಮಾರನೇ ದಿನ ಹೋಟೆಲ್ ರೂಮೇ ಗತಿ. ಇದು ಎಲ್ಲೂ ಒಳಗೆ ಹೋಗಲ್ಲ, ಹೊರಗಿನ ಸುತ್ತಾಟ ಮಾತ್ರ ಅನ್ನೋದು ನೆನಪಿರ್ಲಿ. ಅಪ್ಪ ಅಮ್ಮ ಜೊತೆಗಿದ್ರೆ ನಾನು ಡಬಲ್ ಡೆಕ್ಕರ್‌ನ ಎರಡು ದಿನದ ದುಡ್ಡು, ಟ್ಯಾಕ್ಸಿ ದುಡ್ಡು ಎಲ್ಲ ಉಳಿಸಿ ಇದಕ್ಕೇ ಹಾಕ್ತೀನಿ.

ಗೈಡ್ ಬೇಡವೇ ಬೇಡ ಅನ್ನೋ ಜಾಗ

ಪಾಂತೆಯೋನ್. 2023ರವರೆಗೆ ಪುಕ್ಕಟೆ ಇತ್ತು, ಆಮೇಲೆ 5 ಯೂರೋ ಟಿಕೆಟ್ ಶುರು ಮಾಡಿದ್ರು. ಒಳಗೆ ಹೋಗಿ ತಲೆ ಎತ್ತಿ, ಅಷ್ಟೇ. 43 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟ, ಒಂದು ಕಬ್ಬಿಣದ ಸರಳಿಲ್ಲ, ನೆತ್ತಿಯಲ್ಲಿ ತೂತು, ಮಳೆ ಬಂದ್ರೆ ಒಳಗೇ ಬೀಳುತ್ತೆ. ಇದಕ್ಕೆ ಯಾರು ಏನು ವಿವರಿಸ್ಬೇಕು? ಅಲ್ಲಿಂದ ಎರಡು ಹೆಜ್ಜೆ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿನಲ್ಲಿ ಹೆಸರಾಂತ ಚಿತ್ರಕಾರ ಕಾರವಾಜ್ಜೋನ ಮೂರು ಚಿತ್ರ ಪುಕ್ಕಟೆ. ಟ್ರೆವಿ ಬೆಳಗ್ಗೆ ಆರೂವರೆಗೆ ಹೋದ್ರೆ ಜನ ಕಮ್ಮಿ. ಇವಕ್ಕೆಲ್ಲ ಕಿವಿಗೆ ಏನಾದ್ರೂ ಬೇಕು ಅಂದ್ರೆ ಪ್ರವಾಸದ ಪುಸ್ತಕ ಬರೆಯೋ ಅಮೆರಿಕದ ರಿಕ್ ಸ್ಟೀವ್ಸ್ ಅವರ ಆಡಿಯೋ ಆ್ಯಪ್ ಇದೆ, ದುಡ್ಡಿಲ್ಲ, ಹೊರಡೋ ಮುಂಚೆ ವೈಫೈನಲ್ಲಿ ಡೌನ್‌ಲೋಡ್ ಮಾಡ್ಕೊಳ್ಳಿ. ಮಗಳು ಹತ್ತು ನಿಮಿಷಕ್ಕೆ ಇಯರ್‌ಫೋನ್ ಕಿತ್ತು ಹಾಕಿದ್ಲು, ಮಕ್ಕಳಿಗೆ ಆಡಿಯೋ ಗೈಡ್ ಆಗಿಬರಲ್ಲ.

ಸಾನ್ ಕಲ್ಲಿಸ್ತೋ ಥರದ ಕ್ಯಾಟಕೂಂಬ್‌ಗೆ, ಅಂದ್ರೆ ನೆಲದಡಿಯ ಹಳೇ ಸಮಾಧಿಗಳಿಗೆ, ಬೇರೆ ಗೈಡ್ ಬುಕ್ ಮಾಡ್ಬೇಡಿ. ಅಲ್ಲಿ ಗೈಡ್ ಇಲ್ದೆ ಒಳಗೇ ಬಿಡಲ್ಲ, ಟಿಕೆಟ್‌ನಲ್ಲೇ ಅವರ ಗೈಡ್ ಸೇರಿರ್ತಾರೆ.

ಊಟದ ಟೂರ್ ಬಗ್ಗೆ ಒಂದೇ ಮಾತು. 80–100 ಯೂರೋ, ಮಾಂಸ ತಿನ್ನೋರಿಗೆ ಒಳ್ಳೇದಿರ್ಬಹುದು. ನಮ್ಮ ಥರ ಸಸ್ಯಾಹಾರಿಗಳಿಗೆ ದಂಡ, ರೋಮ್‌ನ ಹೆಸರಾಂತ ಪಾಸ್ತಾ ನಾಲ್ಕರಲ್ಲಿ ಮೂರಕ್ಕೆ ಹಂದಿ ಮಾಂಸ ಬೀಳುತ್ತೆ, ಉಳಿದ ಕಾಚೋ ಎ ಪೆಪೆ ಬರೀ ಚೀಸ್ ಮತ್ತೆ ಕಾಳುಮೆಣಸು, ಆ ಚೀಸ್ ಮಾಡೋಕೆ ಹಾಲು ಒಡೆಸೋದು ಕುರಿಮರಿ ಹೊಟ್ಟೆಯ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಪೀತ್ಸಾ ಮರಿನಾರಾ ಕೇಳಿ, ಅದರಲ್ಲಿ ಚೀಸೇ ಇರಲ್ಲ, ಟೊಮ್ಯಾಟೋ ಬೆಳ್ಳುಳ್ಳಿ ಮಾತ್ರ.

ಹಾಗಾದ್ರೆ ಮೂರು ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಹೊಸ ಜೋಡಿಗೆ: ಮೊದಲ ಸಂಜೆ ಫ್ರೀ ವಾಕ್, ಕೊಲೋಸಿಯಂಗೆ ಗುಂಪಿನ ಟೂರ್, ವ್ಯಾಟಿಕನ್‌ಗೆ ಬರೀ ಟಿಕೆಟ್, ಇಬ್ಬರಿಗೂ ಸೇರಿ 200 ಯೂರೋ ಆಚೀಚೆಗೆ ಮುಗಿಯುತ್ತೆ. ಮಕ್ಕಳಿರೋರಿಗೆ: ಕೊಲೋಸಿಯಂಗೆ ಪ್ರೈವೇಟ್ ಗೈಡ್, ವ್ಯಾಟಿಕನ್ ಮ್ಯೂಸಿಯಂ ಬೇಕಾದ್ರೆ ಬಿಟ್ಟೇಬಿಡಿ, ಎಂಟು ವರ್ಷದ ಹುಡುಗನಿಗೆ ಮೂರು ಗಂಟೆ ಗ್ಯಾಲರಿ ಶಿಕ್ಷೆ, ಸೇಂಟ್ ಪೀಟರ್ಸ್ ಚರ್ಚ್ ಹೇಗೂ ಪುಕ್ಕಟೆ. ಅಪ್ಪ ಅಮ್ಮನ ಕರ್ಕೊಂಡು ಹೋಗೋರಿಗೆ: ಒಂದು ದಿನ ಗಾಲ್ಫ್ ಕಾರ್ಟ್, ಒಂದು ದಿನ ಕೊಲೋಸಿಯಂ ಫೋರಂ ಪ್ರೈವೇಟ್ ಗೈಡ್ ಬೆಳಗ್ಗೆ ಎಂಟೂವರೆಗೇ, ಮಧ್ಯೆ ಒಂದು ದಿನ ಏನೂ ಇಟ್ಕೋಬೇಡಿ. ಅವರು ಜೂನ್ 12ಕ್ಕೆ ಕೊಲೋಸಿಯಂ ಅಂದ್ಕೊಂಡಿದ್ದಾರೆ, ಅಂದ್ರೆ ಮೇ 13ಕ್ಕೆ ಟಿಕೆಟ್ ಓಪನ್. ಆ ಹೊತ್ತಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತೆ, ಅದನ್ನ ಲೆಕ್ಕ ಹಾಕಿ ಅಲಾರಂ ಇಟ್ಕೊಳ್ಳಿ, ಪಾಸ್‌ಪೋರ್ಟ್ ನಾಲ್ಕೂ ಪಕ್ಕದಲ್ಲಿರ್ಲಿ ಅಂದಿದ್ದೀನಿ.